ಮೂರು ನಿಮಿಷದ ‘ಸೈಲೆಂಟ್ ನೈಟ್’ಗೆ ಒಂಬತ್ತು ವಾರ: ಪಾರ್ಟ್ ಬರೆದದ್ದು, ಪೈಪ್ ಕೊಯ್ದದ್ದು

2024ರ ಡಿಸೆಂಬರ್ 22ರ ಸಂಜೆ ಮಂಗಳೂರಿನ ನಮ್ಮ ಚರ್ಚ್‌ನ ಕ್ಯಾರಲ್ ಸರ್ವಿಸ್‌ನಲ್ಲಿ ಹದಿನಾರು ಜನರ ಆರ್ಕೆಸ್ಟ್ರಾ, ಇಪ್ಪತ್ತೆರಡು ಜನರ ಕ್ವಾಯರ್ (ಹಾಡುವವರ ತಂಡ) ಸೇರಿ ‘ಸೈಲೆಂಟ್ ನೈಟ್’ ಅನ್ನುವ ಕ್ರಿಸ್ಮಸ್ ಹಾಡು ಮಾಡಿದೆವು. ಹಾಡು ಮೂರು ನಿಮಿಷ, ತಯಾರಿ ಒಂಬತ್ತು ವಾರ. ಆಗಾಗ ಡೈರಿಯಲ್ಲಿ ಗೀಚಿಟ್ಟದ್ದನ್ನು ಈಗ ಜೋಡಿಸಿ ಬರೆಯುತ್ತಿದ್ದೇನೆ. ಊರಲ್ಲಿ ಇರುವ ವಾದ್ಯ, ಇರುವ ಜನರನ್ನೇ ಇಟ್ಟುಕೊಂಡು ಇಂಥದ್ದೊಂದು ಮಾಡಬೇಕು ಅಂತ ಆಸೆ ಇರುವವರಿಗೆ ನಾನು ಎಲ್ಲೆಲ್ಲಿ ತಪ್ಪಿದೆ ಅನ್ನುವುದಾದರೂ ಉಪಯೋಗಕ್ಕೆ ಬರಲಿ.

ಅಕ್ಟೋಬರ್ 20, ಭಾನುವಾರ: ಎಣಿಕೆ

ಆರಾಧನೆ ಮುಗಿದ ಮೇಲೆ ಅಯ್ಯನವರು (ನಮ್ಮ ಚರ್ಚ್‌ನ ಪಾದ್ರಿ) ಕರೆದು ಕೇಳಿದರು. “ಮಕ್ಕಳು ಇಷ್ಟು ಜನ ವಯಲಿನ್ ಕಲಿಯುತ್ತಿದ್ದಾರಲ್ಲ, ಈ ಸಲ ಬರೀ ಕೀಬೋರ್ಡ್ ಬೇಡ. ಎಲ್ಲರನ್ನೂ ಸೇರಿಸಿ ಒಂದು ಹಾಡು ಮಾಡಲಿಕ್ಕೆ ಆಗ್ತದಾ?”

ಆಗ್ತದೆ ಅಂದುಬಿಟ್ಟೆ. ನಮ್ಮ ಕಡೆ ಆರ್ಕೆಸ್ಟ್ರಾ ಅಂದರೆ ಸಿನಿಮಾ ಹಾಡಿನ ಸ್ಟೇಜ್ ತಂಡವೇ ನೆನಪಿಗೆ ಬರುತ್ತದೆ, ಅಲ್ವಾ? ಇದು ಅದಲ್ಲ. ಪ್ರತಿಯೊಬ್ಬರ ಮುಂದೆ ಬೇರೆ ಬೇರೆ ಹಾಳೆ (ಅದಕ್ಕೇ ಪಾರ್ಟ್ ಅನ್ನುವುದು), ನೋಡಿಕೊಂಡು ನುಡಿಸುವುದು. ಮನೆಗೆ ಹೋಗಿ ಲೆಕ್ಕ ಹಾಕಿದೆ. ವಯಲಿನ್ ಆರು (ನಾಲ್ಕು ಮಕ್ಕಳು, ಇಬ್ಬರು ದೊಡ್ಡವರು), ಚೆಲ್ಲೋ ಒಂದು, ಗಿಟಾರ್ ಒಂದು, ಕ್ಲಾರಿನೆಟ್ ಎರಡು, ಕೀಬೋರ್ಡ್, ಬೇಸ್ ಗಿಟಾರ್. ಡಬಲ್ ಬೇಸ್ ಇಲ್ಲ, ವಿಯೋಲಾ ಇಲ್ಲ, ಹಾರ್ನ್ ಇಲ್ಲ. ಮದುವೆ, ಹಬ್ಬದ ಮೆರವಣಿಗೆಗೆ ಬಾರಿಸುವ ಬ್ರಾಸ್ ಬ್ಯಾಂಡಿನಿಂದ ಟ್ರಂಪೆಟ್ ಇಬ್ಬರು, ಯುಫೋನಿಯಂ (ತಗ್ಗಿನ ಸ್ವರದ ಹಿತ್ತಾಳೆ ವಾದ್ಯ) ಮಾಸ್ಟ್ರು ಒಬ್ಬರು ಬರುತ್ತೇವೆ ಎಂದರು. ಒಟ್ಟು ಹದಿನೈದು.

ಹಾಡು ಯಾವುದು ಅನ್ನುವುದಕ್ಕೆ ಜಾಸ್ತಿ ಯೋಚಿಸಲಿಲ್ಲ. ‘ಸೈಲೆಂಟ್ ನೈಟ್’ ನಿಧಾನದ ಹಾಡು, ಮೂರೇ ಕಾರ್ಡ್‌ನಲ್ಲಿ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಮುಗಿಯುತ್ತದೆ, ಚರಣಕ್ಕೆ ಹನ್ನೆರಡು ಬಾರ್ (ತಾಳದ ಒಂದು ಸುತ್ತು). ಜೊತೆಗೆ ಅದು ಹುಟ್ಟಿದ್ದೇ ಸಣ್ಣದಾಗಿ. ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಹತ್ತಿರದ ಓಬರ್ನ್‌ಡಾರ್ಫ್ ಅನ್ನುವ ಊರಲ್ಲಿ 1818ರ ಡಿಸೆಂಬರ್ 24ರಂದು ಮೊದಲ ಸಲ ಹಾಡಿದಾಗ ಇದ್ದದ್ದು ಒಂದು ಗಿಟಾರ್. ಪದ್ಯ ಬರೆದ ಪಾದ್ರಿ ಜೋಸೆಫ್ ಮೋರ್, ರಾಗ ಹಾಕಿದ ಮೇಷ್ಟ್ರು ಫ್ರಾಂಜ್ ಕ್ಸೇವರ್ ಗ್ರೂಬರ್, ಇಬ್ಬರೂ ನಿಂತು ಹಾಡಿದ್ದು. ಆರ್ಕೆಸ್ಟ್ರಾಗೆ ಗ್ರೂಬರ್ ತಾನೇ ಬರೆದದ್ದು ಆಮೇಲೆ. ನಮ್ಮದೂ ಹಾಗೇ ಬೆಳೆಯಲಿ ಅಂದುಕೊಂಡೆ. ಮೊದಲ ಚರಣ ಗಿಟಾರ್ ಮತ್ತು ಎರಡು ಗಂಡು ಧ್ವನಿ. ಎರಡನೆಯದಕ್ಕೆ ತಂತಿವಾದ್ಯ, ಕ್ಲಾರಿನೆಟ್, ಕ್ವಾಯರ್. ಮೂರನೆಯದಕ್ಕೆ ಎಲ್ಲರೂ, ಜೊತೆಗೆ ಇಡೀ ಸಭೆ, ಅಂದರೆ ಆರಾಧನೆಗೆ ಬಂದವರೆಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದಾಗಿನಿಂದ ಜರ್ಮನ್ ಧಾಟಿಗೆ ಕನ್ನಡ ಮಾತು ಕೂಡಿಸಿ ಹಾಡುವ ಅಭ್ಯಾಸ ಇಲ್ಲಿ ಇದೆ, ಹಾಗಾಗಿ ಇದು ನಮಗೆ ಹೊರಗಿನ ಹಾಡು ಅನ್ನಿಸುವುದೇ ಇಲ್ಲ.

ಅಕ್ಟೋಬರ್ 21ರಿಂದ 30: ಮೊದಲ ಸ್ಕೋರ್

ಸ್ಕೋರ್ ಅಂದರೆ ಎಲ್ಲರ ಪಾರ್ಟೂ ಒಂದೇ ಕಡೆ ಇರುವ ಬರಹ. ಅದನ್ನು ಮ್ಯೂಸ್‌ಸ್ಕೋರ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಬರೆದೆ. ದಿನಾ ರಾತ್ರಿ ಊಟ ಆದ ಮೇಲೆ ಒಂದೊಂದೂವರೆ ಗಂಟೆ. ಗ್ರೂಬರ್ ಮೂಲದಲ್ಲಿ ಬರೆದದ್ದು ಡಿ ಮೇಜರ್‌ನಲ್ಲಿ (ಡಿ ಸ್ವರವೇ ‘ಸ’ ಆಗುವ ಶ್ರುತಿ), ವಯಲಿನ್‌ಗೂ ಡಿ ಮೇಜರ್ ತುಂಬ ಒಳ್ಳೆಯದು, ಡಿ ಮತ್ತು ಎ ತಂತಿ ಬಿಟ್ಟ ಬೆರಳಲ್ಲೇ ಮೊಳಗುತ್ತವೆ. ಅದಕ್ಕೇ ಡಿ ಇಟ್ಟೆ. ಪಾರ್ಟ್‌ಗಳನ್ನು ತೆಗೆದು 46 ಪುಟ ಪ್ರಿಂಟ್ ಹಾಕಿಸಿದೆ. ಪುಟಕ್ಕೆ 5 ರೂಪಾಯಿ.

ನವೆಂಬರ್ 3: ಮೊದಲ ರಿಹರ್ಸಲ್, ಮೂರು ತಪ್ಪು

ದೀಪಾವಳಿ ರಜೆ ಮುಗಿಸಿ ಎಲ್ಲರೂ ಬಂದಿದ್ದರು. ಶುರು ಮಾಡಿದ ಎರಡನೇ ಬಾರ್‌ಗೇ ನಿಲ್ಲಿಸಬೇಕಾಯಿತು.

ಒಂದನೇ ತಪ್ಪು ಕ್ಲಾರಿನೆಟ್, ಟ್ರಂಪೆಟ್. ಇವು ಬಿ ಫ್ಲಾಟ್ ವಾದ್ಯಗಳು (ಫ್ಲಾಟ್ ಅಂದರೆ ಅರ್ಧ ಸ್ವರ ಕೆಳಗೆ, ಶಾರ್ಪ್ ಅಂದರೆ ಅರ್ಧ ಸ್ವರ ಮೇಲೆ). ಹಾಳೆಯಲ್ಲಿ ಸಿ ಇದ್ದರೆ ಕಿವಿಗೆ ಬೀಳುವುದು ಒಂದು ಪೂರ್ತಿ ಸ್ವರ ಕೆಳಗಿನ ಬಿ ಫ್ಲಾಟ್. ಅದಕ್ಕೆ ಇವರ ಪಾರ್ಟನ್ನು ಒಂದು ಸ್ವರ ಏರಿಸಿಯೇ ಬರೆಯಬೇಕು. ಸಾಫ್ಟ್‌ವೇರ್ ತಾನೇ ಅದನ್ನು ಮಾಡುತ್ತದೆ, ಆದರೆ ನಾನು ಬರೆಯಲು ಸುಲಭ ಅಂತ ‘ಕಾನ್ಸರ್ಟ್ ಪಿಚ್’ (ಕಿವಿಗೆ ಕೇಳಿಸುವ ಸ್ವರವನ್ನೇ ತೋರಿಸುವುದು) ಗುಂಡಿ ಒತ್ತಿಟ್ಟಿದ್ದೆ, ಅದನ್ನು ತೆಗೆಯದೆ ಪಾರ್ಟ್ ಪ್ರಿಂಟ್ ಮಾಡಿದ್ದೆ. ವಯಲಿನ್‌ಗಳು ಡಿಯಲ್ಲಿ, ಇವರು ನಾಲ್ಕೂ ಜನ ಸಿಯಲ್ಲಿ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು, ತಮ್ಮದೇ ತಪ್ಪು ಅಂತ ಹೆದರಿದರು. ತಪ್ಪು ಪೂರ್ತಿ ನನ್ನದು, ಅಲ್ಲೇ ಹೇಳಿದೆ.

ಎರಡನೆಯದು ಯುಫೋನಿಯಂ. ತಗ್ಗಿನ ವಾದ್ಯ ಅಂತ ಬೇಸ್ ಕ್ಲೆಫ್‌ನಲ್ಲಿ ಕೊಟ್ಟಿದ್ದೆ. ಕ್ಲೆಫ್ ಅಂದರೆ ಯಾವ ಗೆರೆ ಯಾವ ಸ್ವರ ಅಂತ ಹೇಳುವ, ಸಾಲಿನ ಮೊದಲಲ್ಲಿ ಹಾಕುವ ಗುರುತು; ಬೇಸ್ ತಗ್ಗಿನ ಸ್ವರಗಳಿಗೆ, ಟ್ರೆಬಲ್ ಎತ್ತರದವಕ್ಕೆ. ಮಾಸ್ಟ್ರು ಹಾಳೆಯನ್ನು ಸ್ವಲ್ಪ ಹೊತ್ತು ನೋಡಿ ಹೇಳಿದರು, “ಮಾರಾಯ್ರೆ, ನಾನು ಮೂವತ್ತು ವರ್ಷದಿಂದ ಓದಿದ್ದು ಟ್ರೆಬಲ್ ಕ್ಲೆಫ್. ಇದು ನನಗೆ ಬರುವುದಿಲ್ಲ.” ಬ್ರಾಸ್ ಬ್ಯಾಂಡ್ ಪದ್ಧತಿಯಲ್ಲಿ ಯುಫೋನಿಯಂಗೂ ಟ್ರಂಪೆಟ್ ಹಾಗೇ ಟ್ರೆಬಲ್ ಕ್ಲೆಫ್‌ನಲ್ಲಿ ಬರೆಯುತ್ತಾರೆ, ಕೇಳಿಸುವುದು ಮಾತ್ರ ಬರೆದದ್ದಕ್ಕಿಂತ ಒಂದು ಅಷ್ಟಕ ಮತ್ತು ಒಂದು ಸ್ವರ ಕೆಳಗೆ. ಫೋನ್‌ನಲ್ಲಿ ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಪಾರ್ಟ್ ಬರೆಯುವ ಮುಂಚೆ ಪ್ರತಿಯೊಬ್ಬರಿಗೂ ‘ನೀವು ಯಾವ ಕ್ಲೆಫ್ ಓದುತ್ತೀರಿ’ ಅಂತ ಕೇಳಲೇಬೇಕು.

ಮೂರನೆಯದು ಶ್ರುತಿ. ಈ ಹಾಡು ಕೆಳಗಿನ ದೋದಿಂದ ಮೇಲಿನ ಫಾವರೆಗೆ (ನಮ್ಮ ಕೆಳಗಿನ ‘ಸ’ದಿಂದ ಮೇಲಿನ ‘ಮ’ದವರೆಗೆ) ಓಡಾಡುತ್ತದೆ. ಡಿ ಮೇಜರ್‌ನಲ್ಲಿ ಆ ಫಾ ಅಂದರೆ ಜಿ. ಸೋಪ್ರಾನೋ ಹುಡುಗಿಯರಿಗೆ ಸರಿ. ಆದರೆ ಮೂರನೇ ಚರಣದಲ್ಲಿ ಹಾಡಬೇಕಾದ ಸಭೆಗೆ ಕೈಗೆಟುಕದ ಎತ್ತರ. ಕ್ವಾಯರ್‌ನ ಹಿರಿಯ ಆಂಟಿಯೊಬ್ಬರು ಆ ಸ್ವರ ಬಂದಾಗ ಬಾಯಿ ಮುಚ್ಚಿಕೊಂಡು ನಿಂತದ್ದನ್ನು ನೋಡಿದೆ. ಕ್ರಿಸ್ಮಸ್ ಹಾಡಲ್ಲಿ ಯಾರೂ ಹಾಗೆ ನಿಲ್ಲುವಂತೆ ಆಗಬಾರದು.

ನವೆಂಬರ್ 4ರಿಂದ 9: ಬಿ ಫ್ಲಾಟ್‌ಗೆ ಇಳಿಸಿದ್ದು

ಎ ಮೇಜರ್ ಮೊದಲು ಯೋಚಿಸಿದೆ. ಆದರೆ ಆಗ ಕ್ಲಾರಿನೆಟ್‌ನವರಿಗೆ ಬಿ ಮೇಜರ್ ಬರುತ್ತದೆ, ಐದು ಶಾರ್ಪ್. ಬೇಡ. ಬಿ ಫ್ಲಾಟ್ ಮಾಡಿದರೆ ಕ್ಲಾರಿನೆಟ್, ಟ್ರಂಪೆಟ್, ಯುಫೋನಿಯಂ ಐದೂ ಜನರ ಹಾಳೆಯಲ್ಲಿ ಬರೀ ಸಿ ಮೇಜರ್, ಒಂದೂ ಶಾರ್ಪ್ ಫ್ಲಾಟ್ ಇಲ್ಲ. ಎತ್ತರದ ಸ್ವರ ಇ ಫ್ಲಾಟ್‌ಗೆ ಇಳಿಯುತ್ತದೆ. ಗಿಟಾರ್‌ನವನು ಮೂರನೇ ಫ್ರೆಟ್‌ಗೆ (ಕತ್ತಿನ ಮೇಲಿನ ಮೂರನೇ ಪಟ್ಟಿ) ಕೇಪೋ (ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಕ್ಲಿಪ್) ಹಾಕಿ ಜಿ ಆಕಾರದ ಕಾರ್ಡ್‌ಗಳನ್ನೇ ಹಿಡಿದರೆ ಸಾಕು. ಕಷ್ಟ ಬೀಳುವುದು ವಯಲಿನ್ ಮಕ್ಕಳಿಗೆ ಮಾತ್ರ, ಎರಡು ಫ್ಲಾಟ್.

ಕ್ವಾಯರ್ ಹಾಳೆಗಳು ಮಾತ್ರ ನನ್ನನ್ನು ಉಳಿಸಿದವು. ನಮ್ಮ ಕ್ವಾಯರ್‌ನಲ್ಲಿ ಹಳಬರೆಲ್ಲ ಟಾನಿಕ್ ಸೋಲ್ಫಾ ಓದುವವರು. ದೋ ರೆ ಮಿ ಅಕ್ಷರದಲ್ಲಿ ಬರೆದದ್ದು ಯಾವ ಶ್ರುತಿಗೂ ಅದೇ. ಮೇಲೆ ‘ದೋ = ಡಿ’ ಅಂತ ಇದ್ದದ್ದನ್ನು ಪೆನ್ನಲ್ಲಿ ಹೊಡೆದು ‘ದೋ = ಬಿ ಫ್ಲಾಟ್’ ಅಂತ ಬರೆದೆ, ಅಷ್ಟೇ. ಇಪ್ಪತ್ತೆರಡು ಹಾಳೆಗೆ ಹತ್ತು ನಿಮಿಷ. ಉಳಿದ 46 ಪುಟ ಮತ್ತೆ ಪ್ರಿಂಟ್.

ನವೆಂಬರ್ 10: ಎರಡನೇ ರಿಹರ್ಸಲ್, ಬಿಟ್ಟ ತಂತಿಯ ಕಾಟ

ಈ ಸಲ ಊದುವವರು ಸರಿಯಾಗಿ ಕೂಡಿದರು. ಮಾಸ್ಟ್ರ ಯುಫೋನಿಯಂ ಕೆಳಗಿನಿಂದ ಬಂದಾಗ ಇಡೀ ಹಾಲ್‌ಗೆ ಒಂದು ನೆಲ ಸಿಕ್ಕಿದ ಹಾಗಾಯಿತು.

ಆದರೆ ಐದನೇ ಸಾಲಿನ ಆ ಎತ್ತರದ ಸ್ವರ ಬಂದಾಗಲೆಲ್ಲ ವಯಲಿನ್ ಕಡೆಯಿಂದ ಕಿವಿಗೆ ಚುಚ್ಚುವ ಹಾಗೆ ಒಂದು ತಪ್ಪು ಸ್ವರ. ನಾಲ್ಕು ಸಲ ನಿಲ್ಲಿಸಿ ಕೇಳಿದೆ, ಗೊತ್ತಾಗಲಿಲ್ಲ. ಕೊನೆಗೆ ಒಬ್ಬೊಬ್ಬರನ್ನೇ ನುಡಿಸಲು ಹೇಳಿ ಬೆರಳು ನೋಡಿದೆ. ಆ ಸ್ವರ ಇ ಫ್ಲಾಟ್. ಮಕ್ಕಳು ‘ಇ’ ಅಂತ ಕಂಡ ತಕ್ಷಣ ಬೆರಳು ಎತ್ತಿ ಇ ತಂತಿಯನ್ನು ಬಿಟ್ಟೇ ಎಳೆಯುತ್ತಿದ್ದರು, ಅದು ಅರ್ಧ ಸ್ವರ ಜಾಸ್ತಿ. ಇ ಫ್ಲಾಟ್ ಆ ತಂತಿಯಲ್ಲಿ ಸಿಗುವುದೇ ಇಲ್ಲ. ಎ ತಂತಿಯಲ್ಲೇ ಉಳಿದು ಕಿರುಬೆರಳನ್ನು ಸ್ವಲ್ಪ ಹಿಂದಕ್ಕೆ, ಮೂರನೇ ಬೆರಳಿಗೆ ಹೆಚ್ಚುಕಡಿಮೆ ತಾಗಿಸಿ ಇಡಬೇಕು. ಒಂಬತ್ತು ವರ್ಷದ ಹುಡುಗಿಯ ಕಿರುಬೆರಳು ಅಷ್ಟು ಗಟ್ಟಿ ಒತ್ತುವುದೂ ಕಷ್ಟ. ಅವಳ ಹಾಳೆಯಲ್ಲಿ ಆ ಸ್ವರದ ಮೇಲೆ ಕೆಂಪು ಪೆನ್ಸಿಲ್‌ನಲ್ಲಿ 4 ಅಂತ ಬರೆದು ಹಿಂದಕ್ಕೆ ಒಂದು ಬಾಣ ಹಾಕಿದೆ. ಉಳಿದ ಮೂವರೂ ತಮಗೂ ಕೆಂಪು ಬಾಣ ಬೇಕು ಅಂದರು. ದಿನಾ ಐದು ನಿಮಿಷ ಆ ಎರಡು ಬಾರ್ ಮಾತ್ರ ನುಡಿಸಿ ಅಂತ ಮನೆಗೆ ಕಳಿಸಿದೆ. ಎರಡು ವಾರಕ್ಕೆ ಸರಿಹೋಯಿತು.

ಎರಡನೇ ಚರಣದಲ್ಲಿ ವಯಲಿನ್ ಧ್ವನಿ ಇನ್ನೂ ಮೆತ್ತಗೆ ಬೇಕಿತ್ತು. ಸದ್ದು ತಗ್ಗಿಸುವ ಮ್ಯೂಟ್ ಕೊಳ್ಳಲಿಲ್ಲ. ಮರದ ಬಟ್ಟೆ ಕ್ಲಿಪ್ ಒಂದನ್ನು ಬ್ರಿಡ್ಜ್ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ಮೇಲೆ ಸಿಕ್ಕಿಸಿದರೆ ಅದೇ ಕೆಲಸ ಮಾಡುತ್ತದೆ. ಪ್ಲಾಸ್ಟಿಕ್ ಕ್ಲಿಪ್ ಹಾಕಿ ನೋಡಿದೆ, ಹಗುರ ಆಯಿತು, ಅದರುತ್ತಿತ್ತು. ಮರದ್ದೇ ಆಗಬೇಕು.

ನವೆಂಬರ್ 14ರಿಂದ 23: ಗಂಟೆ ಮಾಡಿದ್ದು

ಮೂರನೇ ಚರಣಕ್ಕೆ ಗಂಟೆ ಸದ್ದು ಬೇಕು ಅಂತ ನನಗೆ ಮೊದಲಿಂದ ಮನಸ್ಸಿತ್ತು. ಕೀಬೋರ್ಡ್‌ನಲ್ಲಿ ಗಂಟೆ ಧ್ವನಿ ಇದೆ. ಹಾಕಿ ಕೇಳಿದರೆ ಸ್ಪೀಕರ್‌ನಿಂದ ಬರುವ ಆ ಸದ್ದು ಪಕ್ಕದ ಚೆಲ್ಲೋ ಜೊತೆ ಬೆರೆಯುವುದೇ ಇಲ್ಲ. ಅದಕ್ಕೆ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪ್‌ನಲ್ಲಿ ಮಾಡೋಣ ಅಂತ ಇಳಿದೆ. ಹಾಡಿನಲ್ಲಿ ಇರುವುದು ಬಿ ಫ್ಲಾಟ್, ಇ ಫ್ಲಾಟ್, ಎಫ್ ಮೂರು ಕಾರ್ಡ್. ಬಿ ಫ್ಲಾಟ್ ಗಂಟೆ ಮೊದಲ ಎರಡಕ್ಕೂ ಕೂಡುತ್ತದೆ, ಎಫ್ ಗಂಟೆ ಮೂರನೆಯದಕ್ಕೆ. ಎರಡು ಪೈಪ್ ಸಾಕು ಅಂದುಕೊಂಡೆ.

ಸಾಮಾನು: ಒಂದು ಇಂಚಿನ ಜಿಐ ಪೈಪ್ 6 ಅಡಿ (ಹೊರಗಿನ ಅಗಲ ಹತ್ತಿರಹತ್ತಿರ 34 ಮಿ.ಮೀ.), ಹ್ಯಾಕ್ಸಾ, ಎರಡು ಬ್ಲೇಡ್, ಅರ, 4 ಮಿ.ಮೀ. ಡ್ರಿಲ್ ಬಿಟ್, ಮೀನು ಹಿಡಿಯುವ ದಪ್ಪ ನೈಲಾನ್ ದಾರ. ದಾರವನ್ನು ಬಂದರಿನ ಹತ್ತಿರ ಬಲೆ ಮಾರುವ ಅಂಗಡಿಯಲ್ಲಿ ತಂದೆ.

ಮೊದಲ ಕೊಯ್ತ (14ರ ರಾತ್ರಿ). ತಾಮ್ರದ ಪೈಪ್‌ಗೆ ಯಾರೋ ಬರೆದಿಟ್ಟ ಅಳತೆ ನೋಡಿ ಬಿ ಫ್ಲಾಟ್‌ಗೆ 60 ಸೆಂ.ಮೀ. ಅಂತ ಗುರುತು ಹಾಕಿ ನೇರ ಕೊಯ್ದುಬಿಟ್ಟೆ. ತೂಗುಹಾಕಿ ಹೊಡೆದು ಫೋನಿನ ಟ್ಯೂನರ್ ನೋಡಿದರೆ ಒಂದು ಸಲ ಒಂದು ಸ್ವರ, ಇನ್ನೊಂದು ಸಲ ಇನ್ನೊಂದು. ಪೈಪ್ ಒಂದೇ ಸ್ವರ ಕೊಡುವುದಿಲ್ಲ, ಮೂಲ ಸ್ವರದ ಸುಮಾರು 2.76 ಪಟ್ಟು ಎತ್ತರದಲ್ಲಿ ಇನ್ನೊಂದು ಜೋರಾಗಿ ಮೊಳಗುತ್ತದೆ, ಟ್ಯೂನರ್ ಅದನ್ನೇ ಹಿಡಿದುಕೊಳ್ಳುತ್ತದೆ. ತುದಿಗೆ ಹೊಡೆಯದೆ ಸರಿಯಾಗಿ ನಡುವಿಗೆ, ರಬ್ಬರ್ ಸುತ್ತಿದ ಕೋಲಿನಿಂದ ಹೊಡೆದೆ, ಟ್ಯೂನರ್ ಬಿಟ್ಟು ಎಲ್ಲ ಕಂಪನಗಳ ಗೆರೆ ತೋರಿಸುವ ಆ್ಯಪ್ ಹಾಕಿದೆ. ಆಗ ಸ್ಪಷ್ಟವಾಯಿತು: 541 ಹರ್ಟ್ಸ್ (ಸೆಕೆಂಡಿಗೆ 541 ಕಂಪನ). ನನಗೆ ಬೇಕಿದ್ದದ್ದು 466. ಪೈಪ್ ಗಿಡ್ಡ ಆಗಿ ಸ್ವರ ತುಂಬ ಮೇಲೆ ಹೋಗಿತ್ತು. ಗಿಡ್ಡ ಆದ ಪೈಪನ್ನು ಉದ್ದ ಮಾಡುವ ಹಾಗಿಲ್ಲ.

ಎರಡನೇ ಕೊಯ್ತ (16). ಈಗ ನನ್ನದೇ ಪೈಪಿನ ಒಂದು ಅಳತೆ ಕೈಯಲ್ಲಿ ಇತ್ತು, ಅದನ್ನೇ ಹಿಡಿದು ಲೆಕ್ಕ ಹಾಕಿದೆ. ಅದೇ ಪೈಪ್ ಆದರೆ ಕಂಪನ ಉದ್ದದ ವರ್ಗಕ್ಕೆ ವಿಲೋಮ. ಅಂದರೆ ಬೇಕಾದ ಉದ್ದ ಸಿಗಬೇಕಾದರೆ 541ನ್ನು 466ರಿಂದ ಭಾಗಿಸಿ, ವರ್ಗಮೂಲ ತೆಗೆದು, 60ರಿಂದ ಗುಣಿಸಿದರಾಯಿತು. 64.6 ಬಂತು. ಬುದ್ಧಿ ಬಂದಿದ್ದರಿಂದ 67ಕ್ಕೆ ಕೊಯ್ದೆ. 434 ತೋರಿಸಿತು, ಎ ಸ್ವರಕ್ಕಿಂತಲೂ ಸ್ವಲ್ಪ ಕೆಳಗೆ. ಅಲ್ಲಿಂದ 65ಕ್ಕೆ ಮತ್ತೆ ಕೊಯ್ದು, ಉಳಿದದ್ದನ್ನು ಅರದಲ್ಲಿ ಉಜ್ಜುತ್ತಾ ಬಂದೆ. ಈ ಉದ್ದದಲ್ಲಿ ಒಂದು ಮಿ.ಮೀ. ಕಡಿಮೆಯಾದರೆ ಸುಮಾರು 5 ಸೆಂಟ್ ಏರುತ್ತದೆ (ಅರ್ಧ ಸ್ವರಕ್ಕೆ 100 ಸೆಂಟ್). ಉಜ್ಜಿದ ತಕ್ಷಣ ಅಳೆಯಬೇಡಿ. ಅರದ ಬಿಸಿಗೆ ಪೈಪ್ ಕಾದು ಸ್ವರ ಸ್ವಲ್ಪ ಇಳಿದಿರುತ್ತದೆ, ಆರಿದ ಮೇಲೆ ಏರುತ್ತದೆ. ನಾನು ಉಜ್ಜಿ, ಟೀ ಕುಡಿದು, ಆಮೇಲೆ ಹೊಡೆದು ನೋಡುತ್ತಿದ್ದೆ. ಆ ರಾತ್ರಿ ಮೂರು ಟೀ ಆಯಿತು.

ಉಳಿದ ತುಂಡು 55 ಸೆಂ.ಮೀ.ಗೆ ಸ್ವಲ್ಪ ಜಾಸ್ತಿ ಇತ್ತು. ಎಫ್‌ಗೆ ಸರಿಯಾಗಿ ಸಾಕಾಯಿತು. ಹಾಳಾಯಿತು ಅಂದುಕೊಂಡಿದ್ದ 60ರ ತುಂಡನ್ನು ಎರಡು ದಿನ ಮೂಲೆಯಲ್ಲಿ ಇಟ್ಟಿದ್ದೆ. ಮೂರನೇ ದಿನ ಹೊಳೆಯಿತು, ಇನ್ನೂ ಎರಡೂವರೆ ಸೆಂ.ಮೀ. ಕೊಯ್ದರೆ ಡಿ ಬರುತ್ತದೆ, ಬಿ ಫ್ಲಾಟ್ ಕಾರ್ಡ್‌ನ ನಡುವಿನ ಸ್ವರ. ಹಾಗೆ ಎರಡು ಇದ್ದ ಗಂಟೆ ಮೂರಾಯಿತು, ಆರು ಅಡಿ ಪೈಪಿನಲ್ಲಿ ಒಂದು ಗೇಣೂ ದಂಡ ಆಗಲಿಲ್ಲ.

ಕೊನೆಗೆ ನಿಂತ ಅಳತೆ: ಬಿ ಫ್ಲಾಟ್ 64.6, ಡಿ 57.6, ಎಫ್ 52.8 ಸೆಂ.ಮೀ. ಇದು ನನ್ನ ಪೈಪಿಗೆ. ಗೋಡೆ ದಪ್ಪ ಬೇರೆ ಇದ್ದರೆ ನಿಮಗೆ ಬೇರೆ ಬರುತ್ತದೆ. ಮೊದಲು ಒಂದು ತುಂಡು ಹೊಡೆದು ನೋಡಿ, ಆಮೇಲೆ ಲೆಕ್ಕ ಹಾಕಿ, ಯಾವಾಗಲೂ ಎರಡು ಸೆಂ.ಮೀ. ಉದ್ದ ಬಿಟ್ಟೇ ಕೊಯ್ಯಿರಿ.

ತೂಗುಹಾಕಲು ತೂತು ಎಲ್ಲಿ ಅನ್ನುವುದರಲ್ಲೂ ಒಂದು ಸಲ ಎಡವಿದೆ. ಎಫ್ ಪೈಪಿಗೆ ತುದಿಯಿಂದ 2 ಸೆಂ.ಮೀ.ನಲ್ಲಿ ಕೊರೆದೆ, ನೋಡಲು ಚೆಂದ. ಹೊಡೆದರೆ ಟಣ್ ಅಂತ ಸತ್ತುಹೋಗುತ್ತಿತ್ತು. ತುದಿ ಜೋರಾಗಿ ಅಲುಗುವ ಜಾಗ, ಅಲ್ಲಿ ದಾರ ಕಟ್ಟಿದರೆ ಕಂಪನವನ್ನೇ ಹಿಡಿದು ನಿಲ್ಲಿಸಿದ ಹಾಗೆ. ಅಲುಗದ ಜಾಗ ಇರುವುದು ತುದಿಯಿಂದ ಉದ್ದದ ನೂರಕ್ಕೆ 22.4ರಲ್ಲಿ. ಬಿ ಫ್ಲಾಟ್‌ಗೆ 14.5, ಡಿಗೆ 12.9, ಎಫ್‌ಗೆ 11.8 ಸೆಂ.ಮೀ. ಅಲ್ಲಿ ಕೊರೆದು ನೈಲಾನ್ ಹಾಕಿ ತೂಗಿದ ಮೇಲೆ ಹೊಡೆದೆ. ಸದ್ದು ನಿಲ್ಲುವುದನ್ನೇ ಕಾಯುತ್ತಾ ನಿಂತೆ, ನಿಲ್ಲಲೇ ಇಲ್ಲ. ಅಡುಗೆಮನೆಯಿಂದ ಅಮ್ಮ ಹೊರಗೆ ಬಂದು, “ಚರ್ಚ್ ಗಂಟೆಯಾ ಈ ಹೊತ್ತಲ್ಲಿ?” ಅಂದರು. ಆ ಒಂದು ಮಾತು ನನಗೆ ಸಾಕಿತ್ತು.

ಚೌಕಟ್ಟಿಗೆ ಚರ್ಚ್ ಸ್ಟೋರ್‌ನಲ್ಲಿ ಮುರಿದು ಬಿದ್ದಿದ್ದ ಬೆಂಚಿನ ಮರ. ಎತ್ತರ 110, ಅಗಲ 50 ಸೆಂ.ಮೀ. ಪೈಪ್ ನಡುವೆ ಮೊದಲು 5 ಸೆಂ.ಮೀ. ಬಿಟ್ಟೆ, ಹೊಡೆದಾಗ ತೂಗಿ ಪಕ್ಕದ್ದಕ್ಕೆ ತಾಗಿತು. 10ಕ್ಕೆ ಹೆಚ್ಚಿಸಿದೆ. ಹೊಡೆಯುವ ಸುತ್ತಿಗೆ ಮರದ್ದು, ತಲೆಗೆ ಹಳೆ ಸೈಕಲ್ ಟ್ಯೂಬ್ ನಾಲ್ಕು ಸುತ್ತು. ಎರಡೇ ಸುತ್ತು ಇದ್ದಾಗ ಸದ್ದು ಕಟುವಾಗಿತ್ತು.

ನವೆಂಬರ್ 24

ಗಂಟೆ ರಿಹರ್ಸಲ್‌ಗೆ ಬಂತು. ಹೈಸ್ಕೂಲ್ ಹುಡುಗನೊಬ್ಬ ಬಾರಿಸಲು ಮುಂದೆ ಬಂದ, ಹದಿನಾರನೆಯವನು. ಮಾಸ್ಟ್ರು ಪೈಪನ್ನು ಬೆರಳಲ್ಲಿ ತಟ್ಟಿ, ಕಿವಿ ಇಟ್ಟು ಕೇಳಿ, ತಮ್ಮ ಯುಫೋನಿಯಂನ ಬಿ ಫ್ಲಾಟ್ ಊದಿ ಹೋಲಿಸಿ ನೋಡಿ ತಲೆ ಆಡಿಸಿದರು.

ಡಿಸೆಂಬರ್ 1: ಸ್ಟ್ಯಾಂಡ್

ಹಾಳೆ ಇಡುವ ಸ್ಟ್ಯಾಂಡ್ ಒಂಬತ್ತು ಬೇಕು, ಇದ್ದದ್ದು ಮೂರು. ಮುಕ್ಕಾಲು ಇಂಚಿನ ಪಿವಿಸಿ ಪೈಪ್‌ನಲ್ಲಿ ಆರು ಮಾಡಿದೆ. ಎತ್ತರ 105 ಸೆಂ.ಮೀ., ಮೇಲೆ 45×32ರ ಆರು ಮಿ.ಮೀ. ಪ್ಲೈವುಡ್ (ಎ4 ಎರಡು ಪುಟ ಪಕ್ಕಪಕ್ಕ ಇಟ್ಟರೆ 42 ಬೇಕು), ಕೆಳಗೆ 4 ಸೆಂ.ಮೀ. ಪಟ್ಟಿ. ಮೊದಲನೆಯದು ಫ್ಯಾನ್ ಗಾಳಿಗೇ ಮಗುಚಿತು. ಕಾಲು 25ರಿಂದ 35 ಸೆಂ.ಮೀ. ಮಾಡಿ, ಒಳಗೆ ಮರಳು ತುಂಬಿ ಕ್ಯಾಪ್ ಹಾಕಿದೆ. ಒಂದಕ್ಕೆ ಪಿವಿಸಿ ಖರ್ಚು 220. ಟ್ರಂಪೆಟ್‌ನವರ ಸ್ಟ್ಯಾಂಡ್ ಮೇಲೆ ಟರ್ಕಿ ಟವೆಲ್ ಹಾಸಿ, ಅದರ ಕಡೆಗೇ ಊದಲು ಹೇಳಿದೆ. ಮೆತ್ತಗಾಯಿತು.

ಡಿಸೆಂಬರ್ 8: ಶ್ರುತಿ

ಚರ್ಚ್‌ನ ಹಳೆ ಪೆಡಲ್ ಹಾರ್ಮೋನಿಯಂ ಸೇರಿಸಲು ತುಂಬ ಮನಸ್ಸಿತ್ತು. ಅದರ ಎ ಸ್ವರ 448 ತೋರಿಸಿತು, ನಮ್ಮದು 440. ವಯಲಿನ್ ಏರಿಸಬಹುದು, ಕ್ಲಾರಿನೆಟ್ ಅಷ್ಟು ಏರುವುದಿಲ್ಲ, ಪೈಪ್ ಅಂತೂ ಕೊಯ್ದಾಗಿದೆ. ಹಾರ್ಮೋನಿಯಂ ಬಿಟ್ಟೆ. ಬೇಸರ ಆಯಿತು. ಪೈಪ್ ಕೊಯ್ಯುವ ಮುಂಚೆಯೇ ಅದನ್ನು ಅಳೆದು ನೋಡಬೇಕಿತ್ತು.

ಇನ್ನೊಂದು. ಹಾಲ್ ಬಿಸಿಯಾದ ಹಾಗೆ ಊದುವ ವಾದ್ಯ ಮೇಲೆ ಹೋಗುತ್ತದೆ, ತಂತಿ ಕೆಳಗೆ ಇಳಿಯುತ್ತದೆ. ಅರ್ಧ ಗಂಟೆಯಲ್ಲಿ ಇಬ್ಬರ ನಡುವೆ ಚೆನ್ನಾಗಿ ಕೇಳಿಸುವಷ್ಟು ಅಂತರ. ಕ್ಲಾರಿನೆಟ್‌ನವರು ಮೌತ್‌ಪೀಸ್ ಕೆಳಗಿನ ಬ್ಯಾರಲ್ಲನ್ನು ಒಂದೂವರೆ ಮಿ.ಮೀ. ಹೊರಗೆ ಎಳೆದರು, ಸರಿಹೋಯಿತು. ಮಕ್ಕಳ ಎರಡು ವಯಲಿನ್‌ಗಳ ಬಿರಡೆ ಜಾರುತ್ತಿತ್ತು. ಹೊರಗೆ ತೆಗೆದು ಸೀಮೆಸುಣ್ಣ ಸವರಿ, ಒಳಕ್ಕೆ ಒತ್ತಿ ತಿರುಗಿಸಿದ ಮೇಲೆ ನಿಂತಿತು.

ಡಿಸೆಂಬರ್ 15: ದೀಪ ಆರಿಸಿ ಪೂರ್ತಿ ರಿಹರ್ಸಲ್

ಮೊದಲ ಚರಣ ಮೊಂಬತ್ತಿ ಬೆಳಕಲ್ಲಿ ಅಂತ ತೀರ್ಮಾನ ಆಗಿತ್ತು. ದೀಪ ಆರಿಸಿದರೆ ಹಾಳೆ ಕಾಣಲಿಲ್ಲ. ಕ್ಲಿಪ್ ಎಲ್‌ಇಡಿ ಒಂಬತ್ತು ತಂದೆವು. ಫ್ಯಾನ್ ಹಾಕಿದರೆ ಹಾಳೆ ಹಾರುತ್ತದೆ, ಮೊಂಬತ್ತಿಯೂ ಆರುತ್ತದೆ. ಹಾಡಿನ ಮೂರು ನಿಮಿಷ ಫ್ಯಾನ್ ಬಂದ್.

ಇದೇ ದಿನ ಎರಡನೇ ಮತ್ತು ಮೂರನೇ ಚರಣದ ನಡುವೆ ಎರಡು ಬಾರ್ ಬರೀ ವಾದ್ಯ ಸೇರಿಸಿದೆ, ಟ್ರಂಪೆಟ್ ಮೆಲ್ಲಗೆ ಒಳಗೆ ಬರಲು. 40 ಪುಟ ಮತ್ತೆ ಪ್ರಿಂಟ್. ಕೇಳಲು ತುಂಬ ಚೆನ್ನಾಗಿತ್ತು. ಆದರೆ ಅವತ್ತು ಅಲ್ಲಿ ಸಭೆ ಇರಲಿಲ್ಲ, ಅದನ್ನು ನಾನು ಯೋಚಿಸಲಿಲ್ಲ.

ಡಿಸೆಂಬರ್ 22

ಸಂಜೆ ಐದಕ್ಕೆ ಎಲ್ಲರನ್ನೂ ಕರೆದು ಶ್ರುತಿ ಕೂಡಿಸಿದೆವು. ಆರೂವರೆಗೆ ಆರಾಧನೆ. ನಮ್ಮ ಹಾಡು ಕೊನೆಯದು.

ಗಿಟಾರ್ ಶುರುವಾಯಿತು. ಎರಡು ಧ್ವನಿ. ಕೂತವರು ಕೆಮ್ಮುವುದನ್ನೂ ನಿಲ್ಲಿಸಿದರು. ಎರಡನೇ ಚರಣದಲ್ಲಿ ಕ್ಲಿಪ್ ಹಾಕಿದ ಆರು ವಯಲಿನ್ ಒಳಗೆ ಬಂದವು, ಇ ಫ್ಲಾಟ್ ಬಂತು, ನಾಲ್ಕೂ ಕಿರುಬೆರಳು ಸರಿಯಾದ ಜಾಗದಲ್ಲಿ ಬಿದ್ದವು. ಆ ಸ್ವರ ಕೇಳಿ ನನಗೆ ಗಂಟಲು ಕಟ್ಟಿತು.

ಆಮೇಲೆ ಆ ಎರಡು ಬಾರ್. ಸಭೆ ಕಾಯಲಿಲ್ಲ. ಮೂರನೇ ಚರಣ ಎಲ್ಲರೂ ಹಾಡಿ ಅಂತ ಕಾಗದದಲ್ಲಿ ಅಚ್ಚಾಗಿತ್ತು, ನಡುವೆ ವಾದ್ಯ ಬರುತ್ತದೆ ಅಂತ ಎಲ್ಲೂ ಇರಲಿಲ್ಲ. ಒಂದು ಬಾರ್ ಆಗುವುದರೊಳಗೆ ಇನ್ನೂರು ಮುನ್ನೂರು ಜನ ಶುರು ಮಾಡಿದರು. ಬೇಸ್ ಗಿಟಾರ್ ಸಭೆಯ ಜೊತೆ ಹೋಯಿತು, ವಯಲಿನ್ ಮಕ್ಕಳು ನನ್ನ ಕೈ ನೋಡುತ್ತಿದ್ದರು, ನನ್ನ ಕೈ ಒಂದು ಬಾರ್ ಹಿಂದೆ ಇತ್ತು. ಏನು ಮಾಡಬೇಕು ಅಂತ ನನಗೆ ಆ ಕ್ಷಣಕ್ಕೆ ಹೊಳೆಯಲಿಲ್ಲ. ಅಷ್ಟರಲ್ಲಿ ಮಾಸ್ಟ್ರು ಹಾಳೆಯಿಂದ ಕಣ್ಣೆತ್ತಿದರು, ಒಂದು ಬಾರ್ ಹಾರಿ ಸಭೆಯ ಜೊತೆ ದೊಡ್ಡದಾಗಿ ಬಿ ಫ್ಲಾಟ್ ಊದಿದರು. ಟ್ರಂಪೆಟ್ ಇಬ್ಬರೂ ಅವರ ಹಿಂದೆ. ಕ್ಲಾರಿನೆಟ್, ಚೆಲ್ಲೋ, ಕೊನೆಗೆ ಮಕ್ಕಳು. ಎರಡನೇ ಸಾಲಿಗೆ ಎಲ್ಲರೂ ಒಂದೇ ಕಡೆ ಇದ್ದೆವು. ಗಂಟೆ ಹುಡುಗ ಮೊದಲ ಹೊಡೆತ ಬಿಟ್ಟ, ಮಾಸ್ಟ್ರ ಮುಖ ನೋಡಿಕೊಂಡು ಎರಡನೆಯದರಿಂದ ಸರಿಯಾಗಿ ಹಿಡಿದ. ಬೇಸ್ ಗಿಟಾರ್ ಸರಿಯೇ ಇತ್ತು, ತಪ್ಪಿದ್ದು ನಾನು.

ಕೊನೆಯ ಕಾರ್ಡ್‌ಗೆ ಮೂರೂ ಪೈಪ್ ಒಟ್ಟಿಗೆ. ವಾದ್ಯ ನಿಂತ ಮೇಲೂ ಅವು ಮೊಳಗುತ್ತಲೇ ಇದ್ದವು. ಫ್ಯಾನ್ ಬಂದ್ ಇದ್ದದ್ದರಿಂದ ಪೂರ್ತಿ ಕೇಳಿಸಿತು. ಮೊದಲ ದಿನ ಬಾಯಿ ಮುಚ್ಚಿ ನಿಂತಿದ್ದ ಆಂಟಿ ಆ ಎತ್ತರದ ಸ್ವರವನ್ನು ಪೂರ್ತಿ ಹಾಡಿದ್ದನ್ನೂ ನೋಡಿದೆ.

ಖರ್ಚು (ರೂಪಾಯಿ)

ಜಿಐ ಪೈಪ್ 540
ಬ್ಲೇಡ್, ಅರ 180
ನೈಲಾನ್ ದಾರ, ಕೊಕ್ಕೆ 90
ಪಿವಿಸಿ ಪೈಪ್, ಫಿಟ್ಟಿಂಗ್ 1,320
ಪ್ಲೈವುಡ್ 650
ಪ್ರಿಂಟ್, ಮೂರು ಸಲ 660
ಎಲ್‌ಇಡಿ 1,620
ವಯಲಿನ್ ತಂತಿ 450
ಕ್ಲಾರಿನೆಟ್ ರೀಡ್ 600
ಬ್ಯಾಂಡಿನ ಮೂವರಿಗೆ 4,500
ರಿಹರ್ಸಲ್ ದಿನಗಳ ಟೀ, ಬನ್ಸ್ 4,200
ಒಟ್ಟು 14,810

ಇದರಲ್ಲಿ ಪ್ರಿಂಟ್‌ನ ಮೂರರಲ್ಲಿ ಎರಡು ಪಾಲು ನನ್ನ ತಪ್ಪಿನ ದುಡ್ಡು. ಡ್ರಿಲ್, ಹ್ಯಾಕ್ಸಾ ಪಕ್ಕದ ಮನೆಯ ಪ್ಲಂಬರ್ ಅಣ್ಣನದ್ದು. ಬಿಟ್ ಕೂಡ ಅವರೇ ಕೊಟ್ಟರು.

ಎಲ್ಲ ಕಟ್ಟಿಡುವಾಗ ಮಾಸ್ಟ್ರು ತಮ್ಮ ಪಾರ್ಟ್ ಕೇಳಿದರು, ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ ಅಂತ. ಕೊಟ್ಟೆ. ಮಡಚಿ ಜೇಬಿಗೆ ಹಾಕುವ ಮುಂಚೆ ಆ ಎರಡು ಬಾರ್ ಮೇಲೆ ಬೆರಳಿಟ್ಟು ಹೇಳಿದರು, “ಬರುವ ವರ್ಷ ಇದು ಇರ್ಲಿ. ಆದ್ರೆ ಅಯ್ಯನವರಿಗೆ ಮೊದಲೇ ಹೇಳಿಡಿ, ಸಭೆಗೆ ಕೈ ತೋರಿಸ್ಲಿಕ್ಕೆ.” ನಾನು ಅವತ್ತೇ ರಾತ್ರಿ ಅವನ್ನು ಅಳಿಸಬೇಕು ಅಂತ ಫೈಲ್ ತೆರೆದಿದ್ದೆ. ಅಳಿಸಲಿಲ್ಲ. ಸಭೆಯ ಕಾಗದದಲ್ಲಿ ಹಾಕಲು ‘ಇಲ್ಲಿ ವಾದ್ಯ ಮಾತ್ರ, ಕಾಯಿರಿ’ ಅಂತ ಒಂದು ಸಾಲು ಬರೆದು ಅದೇ ಫೋಲ್ಡರ್‌ನಲ್ಲಿ ಇಟ್ಟಿದ್ದೇನೆ.